ಡೆಸ್ಕ್‌ಟಾಪ್ ಸಿಂಗರಿಸಿದ ಮೇಲೆ ಕೈಕೊಟ್ಟಿತೇ? ಲಿನಕ್ಸ್ ಮತ್ತೆ ಇನ್‌ಸ್ಟಾಲ್ ಮಾಡುವ ಮುಂಚೆ ಇಷ್ಟು ನೋಡಿ

ಲಿನಕ್ಸ್ ಡೆಸ್ಕ್‌ಟಾಪನ್ನು ತಮಗೆ ಬೇಕಾದ ಹಾಗೆ ಸಿಂಗರಿಸುವವರಿಗೆ ಒಂದಲ್ಲ ಒಂದು ದಿನ ಹೀಗಾಗುತ್ತದೆ. ನಿನ್ನೆ ರಾತ್ರಿ ಎಲ್ಲ ಚೆನ್ನಾಗಿತ್ತು. ಬೆಳಿಗ್ಗೆ ನೋಡಿದರೆ ಪ್ಯಾನೆಲ್ ಇಲ್ಲ, ಅಥವಾ ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಒಳಗೆ ಬಿಡುತ್ತಿಲ್ಲ. ಆಗ ತುಂಬಾ ಜನ ಪೆನ್‌ಡ್ರೈವ್ ಹುಡುಕಿಕೊಂಡು ಇಡೀ ಸಿಸ್ಟಂ ಮತ್ತೆ ಇನ್‌ಸ್ಟಾಲ್ ಮಾಡಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಥೀಮ್, ಐಕಾನ್, ವಿಜೆಟ್, ಎಕ್ಸ್‌ಟೆನ್ಶನ್ ಇವುಗಳ ಸೆಟ್ಟಿಂಗ್ ಹೆಚ್ಚಿನದೆಲ್ಲ ಇರುವುದು ನಿಮ್ಮ ಹೋಮ್ ಫೋಲ್ಡರಿನಲ್ಲಿ, ಚುಕ್ಕಿಯಿಂದ ಶುರುವಾಗುವ ಅಡಗಿದ ಫೈಲ್‌ಗಳಲ್ಲಿ. ದೋಷವೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಹೋಮ್ ಉಳಿಸಿಕೊಂಡು ಸಿಸ್ಟಂ ಮಾತ್ರ ಹೊಸದಾಗಿ ಹಾಕಿದರೆ ಅದೇ ದೋಷ ಮತ್ತೆ ಎದುರಿಗೆ ಬರುತ್ತದೆ.

ಏನನ್ನೂ ಮುಟ್ಟುವ ಮುಂಚೆ

ಕೊನೆಯದಾಗಿ ಏನು ಬದಲಾಯಿಸಿದಿರಿ ಎಂದು ನೆನಪು ಮಾಡಿಕೊಳ್ಳಿ. ಥೀಮ್ ಹಾಕಿದಿರಾ, ಅಪ್‌ಡೇಟ್ ಮಾಡಿದಿರಾ, ಯಾರದ್ದಾದರೂ ಕಾನ್ಫಿಗ್ ಫೈಲ್ ನಕಲು ಮಾಡಿದಿರಾ? ಅದನ್ನು ಹಿಂದಕ್ಕೆ ತಿರುಗಿಸುವುದೇ ಮೊದಲ ಪರೀಕ್ಷೆ.

ಎರಡನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಹೊಸ ಯೂಸರ್ ಖಾತೆ ಒಂದನ್ನು ಮಾಡಿ ಅದರಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿ ಎಲ್ಲ ಸರಿ ಇದ್ದರೆ ದೋಷ ನಿಮ್ಮ ಹೋಮ್ ಫೋಲ್ಡರಿನಲ್ಲಿದೆ, ಸಿಸ್ಟಂ ಗಟ್ಟಿಯಾಗಿದೆ. ಅಲ್ಲೂ ಅದೇ ತೊಂದರೆ ಇದ್ದರೆ ಡ್ರೈವರ್, ಪ್ಯಾಕೇಜ್ ಅಥವಾ ಡಿಸ್ಕ್ ಕಡೆ ನೋಡಬೇಕು. ಐದು ನಿಮಿಷದ ಕೆಲಸ, ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಪರದೆ ಪೂರ್ತಿ ಕೈಕೊಟ್ಟಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಅಕ್ಷರಗಳ ಲಾಗಿನ್ ಬರುತ್ತದೆ. ಅಲ್ಲಿಂದಲೇ ರಿಪೇರಿ ಮಾಡಬಹುದು. ವಾಪಸ್ ಬರಲು ಎಫ್3 ಬದಲು ಎಫ್1 ಅಥವಾ ಎಫ್2, ಕೆಲವು ಕಡೆ ಎಫ್7.

ಇನ್ನೊಂದು ಮಾತು. ಯಾವ ಕಾನ್ಫಿಗ್ ಫೈಲನ್ನೂ ಅಳಿಸಬೇಡಿ, ಹೆಸರು ಬದಲಾಯಿಸಿ. ಹೆಸರಿನ ಕೊನೆಗೆ 'ಹಳೆಯದು' ಎಂದು ಸೇರಿಸಿದರೆ ಸಾಕು. ಅದಲ್ಲ ಕಾರಣ ಎಂದು ಗೊತ್ತಾದಾಗ ಹಳೆಯ ಹೆಸರು ಕೊಟ್ಟರೆ ಆಯಿತು. ಸೂಡೋ ಹಾಕಿ (ಅಂದರೆ ಅಡ್ಮಿನ್ ಅಧಿಕಾರದಲ್ಲಿ) ಅಳಿಸುವ ಕಮಾಂಡ್ ಆರ್‌ಎಂ ಓಡಿಸುವಾಗ ಒಂದು ಸ್ಪೇಸ್ ಹೆಚ್ಚಾದರೂ ಇಡೀ ಫೋಲ್ಡರ್ ಹೋಗಿಬಿಡಬಹುದು.

ಥೀಮ್ ಹಾಕಿದೆ, ಏನೂ ಬದಲಾಗಲಿಲ್ಲ. ಅಥವಾ ಅರ್ಧ ಮಾತ್ರ ಬದಲಾಯಿತು

ಪಟ್ಟಿಯಲ್ಲಿ ಥೀಮಿನ ಹೆಸರೇ ಬರುತ್ತಿಲ್ಲ ಎಂದರೆ ಫೋಲ್ಡರ್ ತೆರೆದು ನೋಡಿ. ಜಿಪ್ ಬಿಚ್ಚಿದಾಗ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ಆಗಿರುತ್ತದೆ. ಡಾಟ್ ಥೀಮ್ಸ್ ಫೋಲ್ಡರ್, ಅದರೊಳಗೆ ಥೀಮಿನ ಹೆಸರು, ಅದನ್ನು ತೆರೆದ ಕೂಡಲೇ ಇಂಡೆಕ್ಸ್ ಡಾಟ್ ಥೀಮ್ ಫೈಲ್ ಕಾಣಬೇಕು. ಗಿಟ್‌ಹಬ್‌ನಿಂದ ಸೋರ್ಸ್ ಜಿಪ್ ಇಳಿಸಿಕೊಂಡಿದ್ದರೂ ಹೀಗೇ ಆಗುತ್ತದೆ. ಅದು ಹೆಚ್ಚಾಗಿ ಬಳಸಲು ಇನ್ನೂ ಸಿದ್ಧವಾಗದ ಥೀಮ್. ರಿಲೀಸ್ ವಿಭಾಗದಿಂದ ತಯಾರಾದದ್ದನ್ನೇ ಇಳಿಸಿಕೊಳ್ಳಿ.

ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಕಿಟಕಿಗಳು ಬದಲಾಗಿ ಮೇಲಿನ ಪಟ್ಟಿ ಮಾತ್ರ ಹಾಗೇ ಇದ್ದರೆ 'ಯೂಸರ್ ಥೀಮ್ಸ್' ಎಕ್ಸ್‌ಟೆನ್ಶನ್ ಆನ್ ಆಗಿಲ್ಲ ಎಂದರ್ಥ. ಅದನ್ನು ಆನ್ ಮಾಡಿ, ಆಮೇಲೆ ಶೆಲ್‌ಗೆ, ಅಂದರೆ ಮೇಲಿನ ಪಟ್ಟಿ, ಮೆನು ತೋರಿಸುವ ಪ್ರೋಗ್ರಾಂಗೆ, ಥೀಮ್ ಆರಿಸಿ.

ಕೆಲವು ಆಪ್ ಮಾತ್ರ ಹಠ ಹಿಡಿದು ಹಳೆಯ ಬಣ್ಣದಲ್ಲೇ ಇದ್ದರೆ ಅದು ನಿಮ್ಮ ತಪ್ಪಲ್ಲ. 2022ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 42ರಿಂದ ಗ್ನೋಮ್‌ನ ಸ್ವಂತ ಆಪ್‌ಗಳು ಒಂದೊಂದಾಗಿ ಲಿಬ್‌ಅದ್ವೈತಾ ಎಂಬ, ಆಪ್‌ಗಳಿಗೆ ರೂಪ ಕೊಡುವ ಲೈಬ್ರರಿಗೆ ಹೋದವು. ಅವು ನೀವು ಹಾಕಿದ ಜಿಟಿಕೆ (ಕಿಟಕಿ, ಬಟನ್ ಬಿಡಿಸುವ ಟೂಲ್‌ಕಿಟ್) ಥೀಮನ್ನು ನೋಡುವುದೇ ಇಲ್ಲ. ಡಾಟ್ ಕಾನ್ಫಿಗ್ ಒಳಗಿನ ಜಿಟಿಕೆ-4.0 ಫೋಲ್ಡರಿನಲ್ಲಿ ಸಿಎಸ್‌ಎಸ್ ಫೈಲ್ ಇಟ್ಟು ಬಣ್ಣ ಬದಲಾಯಿಸಬಹುದು. ಬಣ್ಣದ ಮಟ್ಟಿಗೆ ಮಾತ್ರ ಹಾಗೆ ಮಾಡಿ ಅನ್ನುವುದು ನನ್ನ ಅಭಿಪ್ರಾಯ. ಪೂರ್ತಿ ಥೀಮನ್ನೇ ಅಲ್ಲಿ ತುರುಕಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಬಟನ್‌ಗಳು ಒಂದರ ಮೇಲೊಂದು ಕೂತಿರುವುದನ್ನು ನೋಡಬೇಕಾಗುತ್ತದೆ.

ಫ್ಲಾಟ್‌ಪ್ಯಾಕ್ ಮತ್ತು ಸ್ನ್ಯಾಪ್ ಆಪ್‌ಗಳ ಕಥೆ ಬೇರೆ. ಅವು ತಮ್ಮದೇ ಆವರಣದಲ್ಲಿ ಓಡುವುದರಿಂದ ನಿಮ್ಮ ಡಾಟ್ ಥೀಮ್ಸ್ ಫೋಲ್ಡರ್ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಫ್ಲಾಟ್‌ಪ್ಯಾಕ್‌ಗಾದರೆ ಹೆಸರಾಂತ ಥೀಮ್‌ಗಳು ಫ್ಲಾಟ್‌ಹಬ್‌ನಲ್ಲಿ ಪ್ಯಾಕೇಜ್ ಆಗಿಯೇ ಸಿಗುತ್ತವೆ, ಹಾಕಿಕೊಳ್ಳಿ. ಕ್ಯೂಟಿ ಎಂಬ ಇನ್ನೊಂದು ಟೂಲ್‌ಕಿಟ್‌ನಲ್ಲಿ ಬರೆದ ಆಪ್‌ಗಳು ಮಾತ್ರ ಬೇರೆ ಥರ ಕಂಡರೆ ಕ್ಯೂಟಿ6ಸಿಟಿ ಅಥವಾ ಕ್ವಾಂಟಮ್ ಎಂಬ ಆಪ್ ಬೇಕು.

ಅಪ್‌ಡೇಟ್ ಆದ ಮೇಲೆ ಎಕ್ಸ್‌ಟೆನ್ಶನ್‌ಗಳೆಲ್ಲ ಮಾಯ

ಗ್ನೋಮ್ ಆರು ತಿಂಗಳಿಗೊಮ್ಮೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಹೊಸ ಆವೃತ್ತಿ ಬಿಡುತ್ತದೆ. ಪ್ರತಿ ಎಕ್ಸ್‌ಟೆನ್ಶನ್ ತಾನು ಯಾವ ಆವೃತ್ತಿಗೆ ಹೊಂದುತ್ತೇನೆ ಎಂದು ತನ್ನ ಮೆಟಾಡೇಟಾ ಫೈಲ್‌ನಲ್ಲಿ ಬರೆದಿಟ್ಟಿರುತ್ತದೆ. ಅದರಲ್ಲಿ ನಿಮ್ಮ ಆವೃತ್ತಿ ಇಲ್ಲದಿದ್ದರೆ ಎಕ್ಸ್‌ಟೆನ್ಶನ್ ಓಡುವುದಿಲ್ಲ. ಹಾಗಾಗಿ ಮೊದಲು ಎಕ್ಸ್‌ಟೆನ್ಶನ್‌ಗಳನ್ನು ಅಪ್‌ಡೇಟ್ ಮಾಡಿ, ಲಾಗೌಟ್ ಆಗಿ ಮತ್ತೆ ಬನ್ನಿ. ಆಲ್ಟ್-ಎಫ್2 ಒತ್ತಿ 'ಆರ್' ಅಕ್ಷರ ಕೊಟ್ಟು ಶೆಲ್ ಮತ್ತೆ ಶುರು ಮಾಡುವ ಹಳೆಯ ಉಪಾಯ ಪರದೆಗೆ ಚಿತ್ರ ಕಳಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ರಲ್ಲಿ ಮಾತ್ರ ನಡೆಯುತ್ತದೆ, ಹೊಸದಾದ ವೇಲ್ಯಾಂಡ್‌ನಲ್ಲಿ ಇಲ್ಲ.

ಆವೃತ್ತಿ ಪರೀಕ್ಷೆಯನ್ನೇ ಆಫ್ ಮಾಡಿ ಎನ್ನುವ ಸಲಹೆ ನಿಮಗೆ ಸಿಗಬಹುದು. ಸಣ್ಣ ಅಂತರಕ್ಕೆ ಕೆಲವೊಮ್ಮೆ ಅದು ನಡೆಯುತ್ತದೆ. ಆದರೆ 2023ರ ಸೆಪ್ಟೆಂಬರ್‌ನ ಗ್ನೋಮ್ 45ರಲ್ಲಿ ಎಕ್ಸ್‌ಟೆನ್ಶನ್ ಬರೆಯುವ ರೀತಿಯೇ ಬದಲಾಯಿತು. 44 ಮತ್ತು ಅದಕ್ಕೂ ಹಿಂದಿನದಕ್ಕೆ ಬರೆದದ್ದು 45ರಲ್ಲಿ ಏನು ಮಾಡಿದರೂ ಓಡುವುದಿಲ್ಲ. ಉಬುಂಟು 22.04ರಲ್ಲಿರುವುದು ಗ್ನೋಮ್ 42, 24.04ರಲ್ಲಿ 46. ಅಂದರೆ ಈ ಒಂದು ಎಲ್‌ಟಿಎಸ್‌ನಿಂದ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಇನ್ನೊಂದಕ್ಕೆ ಹಾರಿದವರೆಲ್ಲ ಈ ಗಡಿ ದಾಟಿದ್ದಾರೆ. ಎಷ್ಟೋ ಜನರ ಡಾಕ್, ಬ್ಲರ್, ಹವಾಮಾನ ಎಲ್ಲ ಒಂದೇ ದಿನ ಹೋಗಿದ್ದು ಇದಕ್ಕೇ. ಎಕ್ಸ್‌ಟೆನ್ಶನ್ ಮ್ಯಾನೇಜರ್ ಆಪ್‌ನಲ್ಲಿ ಅಪ್‌ಗ್ರೇಡ್ ಅಸಿಸ್ಟೆಂಟ್ ಎಂಬ ಸೌಲಭ್ಯ ಇದೆ. ಹೊಸ ಆವೃತ್ತಿಗೆ ಹೋಗುವ ಮುಂಚೆಯೇ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಅದು ತೋರಿಸುತ್ತದೆ.

ಶೆಲ್ ಪದೇ ಪದೇ ಬಿದ್ದು ಏಳುತ್ತಿದ್ದರೆ ಎಫ್3 ಪರದೆಗೆ ಹೋಗಿ, ಡಾಟ್ ಲೋಕಲ್ ಒಳಗೆ ಶೇರ್, ಅದರೊಳಗೆ ಗ್ನೋಮ್-ಶೆಲ್, ಅಲ್ಲಿರುವ ಎಕ್ಸ್‌ಟೆನ್ಶನ್ಸ್ ಫೋಲ್ಡರಿನ ಹೆಸರು ಬದಲಾಯಿಸಿ ಮತ್ತೆ ಲಾಗಿನ್ ಆಗಿ. ಈಗ ಸರಿ ಬಂದರೆ ಒಂದು ಎಕ್ಸ್‌ಟೆನ್ಶನ್ ಕಳ್ಳ. ಒಂದೊಂದಾಗಿ ಹಾಕಿ ನೋಡುವ ಬದಲು ಅರ್ಧ ಹಾಕಿ ನೋಡಿ. ತೊಂದರೆ ಬಂದರೆ ಆ ಅರ್ಧದಲ್ಲಿ, ಬರದಿದ್ದರೆ ಉಳಿದರ್ಧದಲ್ಲಿ. ಹದಿನಾರು ಎಕ್ಸ್‌ಟೆನ್ಶನ್ ಇದ್ದರೂ ನಾಲ್ಕು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ.

ಪ್ಲಾಸ್ಮಾ ಎಂಬ ಇನ್ನೊಂದು ಡೆಸ್ಕ್‌ಟಾಪ್ ಬಳಸುವವರಿಗೂ ಇಂಥದ್ದೇ ಗಡಿ ಇದೆ. 2024ರ ಫೆಬ್ರುವರಿಯಲ್ಲಿ ಪ್ಲಾಸ್ಮಾ 6 ಬಂತು. 5ಕ್ಕೆ ಬರೆದ ವಿಜೆಟ್‌ಗಳು ತಿದ್ದದೆ ಇದ್ದರೆ 6ರಲ್ಲಿ ಓಡುವುದಿಲ್ಲ.

ಐಕಾನ್ ಜಾಗದಲ್ಲಿ ಚೌಕ. ಕನ್ನಡ ಅಕ್ಷರ ಒಡೆದು ಕಾಣುತ್ತದೆ

ಇವೆರಡೂ ನೋಡಲು ಒಂದೇ ಥರದ ತೊಂದರೆ ಅನ್ನಿಸುತ್ತದೆ. ಆದರೆ ಕಾರಣ ಬೇರೆ ಬೇರೆ.

ಖಾಲಿ ಚೌಕ ಕಂಡರೆ ಆ ಚಿಹ್ನೆ ಇರುವ ಫಾಂಟ್ ನಿಮ್ಮಲ್ಲಿ ಇಲ್ಲ. ಪೋಲಿಬಾರ್, ವೇಬಾರ್ ಎಂಬ ಪ್ಯಾನೆಲ್ ಪ್ರೋಗ್ರಾಂಗಳ ಸಿದ್ಧ ಕಾನ್ಫಿಗ್‌ಗಳು ಹೆಚ್ಚಾಗಿ ಐಕಾನ್ ಸೇರಿಸಿದ ನರ್ಡ್ ಫಾಂಟ್ಸ್ ಕೇಳುತ್ತವೆ. ಫಾಂಟ್ ಹಾಕಿ, ಫಾಂಟ್ ಪಟ್ಟಿ ಹೊಸದು ಮಾಡುವ ಎಫ್‌ಸಿ-ಕ್ಯಾಶ್ ಓಡಿಸಿ, ಬಾರ್ ಮತ್ತೆ ಶುರು ಮಾಡಿ. ಫಾಂಟ್ ಇದ್ದೂ ಕೆಲವು ಐಕಾನ್ ಮಾತ್ರ ಚೌಕವಾಗಿದ್ದರೆ ಕಾನ್ಫಿಗ್ ಹಳೆಯದು. 2023ರಲ್ಲಿ ಬಂದ ನರ್ಡ್ ಫಾಂಟ್ಸ್ 3ರಲ್ಲಿ ಹಳೆಯ ಮೆಟೀರಿಯಲ್ ಡಿಸೈನ್ ಐಕಾನ್‌ಗಳ ಕೋಡ್‌ಗಳನ್ನು ತೆಗೆದುಹಾಕಿ ಹೊಸ ಜಾಗಕ್ಕೆ ಹಾಕಿದರು. ಅಂಥ ಐಕಾನ್‌ಗಳನ್ನು ಹೊಸ ಪಟ್ಟಿಯಿಂದ ಮತ್ತೆ ನಕಲು ಮಾಡಿ ಅಂಟಿಸಬೇಕು.

ಕನ್ನಡ ಚೌಕವಾಗಿದ್ದರೆ ಅದೂ ಫಾಂಟ್ ಕೊರತೆಯೇ. ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಇವುಗಳಲ್ಲಿ ಯಾವುದಾದರೂ ಒಂದು ಹಾಕಿದರೆ ಮುಗಿಯಿತು. ಹಲವು ಫಾಂಟ್ ಇದ್ದಾಗ ಸಿಸ್ಟಂ ಯಾವುದನ್ನು ಆರಿಸುತ್ತಿದೆ ಎಂದು ತಿಳಿಯಲು ಎಫ್‌ಸಿ-ಮ್ಯಾಚ್ ಕಮಾಂಡಿಗೆ ಕನ್ನಡದ ಭಾಷಾ ಕೋಡ್ ಕೊಟ್ಟು ನೋಡಿ.

ಅಕ್ಷರ ಇದೆ, ಆದರೆ ಒತ್ತಕ್ಷರ ಬಿಡಿಬಿಡಿಯಾಗಿದೆ ಎಂದರೆ ಫಾಂಟ್ ಎಷ್ಟು ಬದಲಾಯಿಸಿದರೂ ಸರಿಯಾಗುವುದಿಲ್ಲ. ಇಲ್ಲಿ ದೋಷ ಇರುವುದು ಅಕ್ಷರ ಬರೆಯುವ ಪ್ರೋಗ್ರಾಮಿನಲ್ಲಿ. ಕ, ವಿರಾಮ (್ ಚಿಹ್ನೆ), ರ ಮೂರೂ ಒಟ್ಟಿಗೆ ಬಂದಾಗ 'ಕ್ರ' ಎಂದು ಕೂಡಿಸಿ ಬರೆಯುವ ಕೆಲಸವನ್ನು ಬೇರೊಂದು ಲೈಬ್ರರಿ ಮಾಡಬೇಕು. ಗ್ನೋಮ್, ಪ್ಲಾಸ್ಮಾ, ವೇಬಾರ್ ಅದನ್ನು ಬಳಸುತ್ತವೆ. ಡೆಸ್ಕ್‌ಟಾಪ್ ಮೇಲೆ ಮಾಹಿತಿ ತೋರಿಸುವ ಕಾಂಕಿಯ ಮಾಮೂಲಿ ಪಠ್ಯ ಎಕ್ಸ್‌ಎಫ್‌ಟಿ ಎಂಬ ಲೈಬ್ರರಿ ಮೂಲಕ ಬರುತ್ತದೆ, ಅದಕ್ಕೆ ಈ ಕೂಡಿಸುವ ವಿದ್ಯೆ ಗೊತ್ತಿಲ್ಲ. ಡೆಸ್ಕ್‌ಟಾಪ್ ಮೇಲೆ ಕನ್ನಡದಲ್ಲಿ ವಾರದ ಹೆಸರು ತೋರಿಸುವ ಕಾಂಕಿ ವಿಜೆಟ್ ಮಾಡಿದಿರಿ ಅನ್ನಿ. ಭಾನುವಾರದಂದು ತಲೆಕಟ್ಟು ಒಂದು ಕಡೆ, ದೀರ್ಘ ಒಂದು ಕಡೆ ನಿಂತರೂ ಹೇಗೋ ಓದಬಹುದು. ಬುಧವಾರ, ಗುರುವಾರವೂ ಹಾಗೇ ದಾಟಿಹೋಗುತ್ತವೆ. ವಾರದ ಏಳು ದಿನಗಳ ಹೆಸರಿನಲ್ಲಿ ಒತ್ತಕ್ಷರ ಇರುವುದು ಶುಕ್ರವಾರಕ್ಕೆ ಮಾತ್ರ. ಅವತ್ತು ಪರದೆ ಮೇಲೆ 'ಶುಕ್‌ರವಾರ' ಎಂದು ಬಂದಾಗ ವಿಷಯ ಬಯಲಾಗುತ್ತದೆ.

ಕನ್ನಡದಲ್ಲಿ ಡೆಸ್ಕ್‌ಟಾಪ್ ತೋರಿಸಬೇಕು ಎಂದು ಆಸೆಪಟ್ಟು ಇಲ್ಲಿ ನಿಂತುಹೋದವರಿಗೆ ಎರಡು ದಾರಿ ಇದೆ. ಒಂದು, ಪ್ಲಾಸ್ಮಾ ವಿಜೆಟ್ ಅಥವಾ ವೇಬಾರ್‌ಗೆ ಹೋಗಿ. ಎರಡು, ಕಾಂಕಿಯೇ ಬೇಕು ಎಂದರೆ ಪ್ಯಾಂಗೋ-ವ್ಯೂ ಕಮಾಂಡಿನಿಂದ ಆ ಪದವನ್ನು ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವಾಗಿ ಬರೆಸಿ, ಕಾಂಕಿಯಲ್ಲಿ ಚಿತ್ರವಾಗಿ ತೋರಿಸಿ. ಏಳು ದಿನಕ್ಕೆ ಏಳು ಚಿತ್ರ ಒಮ್ಮೆ ಮಾಡಿಟ್ಟರೆ ಸಾಕು. ಒತ್ತಕ್ಷರ ಸರಿಯಾಗಿ ಕೂತ ಕನ್ನಡ ಗಡಿಯಾರ ಡೆಸ್ಕ್‌ಟಾಪ್ ಮೇಲೆ ನಿಜಕ್ಕೂ ಚೆಂದ ಕಾಣುತ್ತದೆ. ಆ ಶ್ರಮಕ್ಕೆ ಬೆಲೆ ಇದೆ.

ಒತ್ತಕ್ಷರದ ಕೆಳಭಾಗ ಕತ್ತರಿಸಿದ ಹಾಗೆ ಕಂಡರೆ ಪ್ಯಾನೆಲ್ ಎತ್ತರ ಸಾಲದು. ಇಂಗ್ಲಿಷಿಗೆ ಸಾಕಾಗುವ ತೆಳು ಬಾರ್ ಕನ್ನಡದ ಒತ್ತಿಗೆ ಸಾಕಾಗುವುದಿಲ್ಲ. ಎತ್ತರ ಜಾಸ್ತಿ ಮಾಡಿ, ಇಲ್ಲವೇ ಅಕ್ಷರದ ಗಾತ್ರ ಇಳಿಸಿ. ಟರ್ಮಿನಲ್‌ನಲ್ಲಿ ಕನ್ನಡ ವಕ್ರವಾಗಿ ಕಂಡರೆ ಅದರ ಹಿಂದೆ ಹೋಗಬೇಡಿ. ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಕೊಡುವ ಟರ್ಮಿನಲ್‌ನಲ್ಲಿ ಕನ್ನಡ ಪೂರ್ತಿ ಸರಿ ಬರುವುದು ಕಷ್ಟ.

ಪ್ಯಾನೆಲ್ಲೇ ಇಲ್ಲ, ಖಾಲಿ ವಾಲ್‌ಪೇಪರ್ ಮಾತ್ರ

ಗಾಬರಿ ಬೇಡ. ಪ್ಯಾನೆಲ್ ತೋರಿಸುವ ಪ್ರೋಗ್ರಾಂ ಬಿದ್ದಿದೆ, ಅಷ್ಟೇ. ಸಿನಮನ್ ಡೆಸ್ಕ್‌ಟಾಪ್ ಆದರೆ ಕಂಟ್ರೋಲ್-ಆಲ್ಟ್-ಎಸ್ಕೇಪ್ ಒತ್ತಿ. ಎಕ್ಸ್‌ಎಫ್‌ಸಿಇಯಲ್ಲಿ ಆಲ್ಟ್-ಎಫ್2 ಒತ್ತಿ ಎಕ್ಸ್‌ಎಫ್‌ಸಿಇ4-ಪ್ಯಾನೆಲ್ ಎಂದು ಟೈಪ್ ಮಾಡಿ. ಪ್ಲಾಸ್ಮಾದಲ್ಲಿ ಕಂಟ್ರೋಲ್-ಆಲ್ಟ್-ಟಿ ಒತ್ತಿ ಕಾನ್ಸೋಲ್ ತೆರೆದು ಪ್ಲಾಸ್ಮಾಶೆಲ್ ಸರ್ವಿಸ್ ಮತ್ತೆ ಶುರು ಮಾಡಿ.

ಆದರೂ ಬರದಿದ್ದರೆ ಪ್ಯಾನೆಲ್‌ನ ಕಾನ್ಫಿಗ್ ಫೈಲ್ ಕೆಟ್ಟಿದೆ. ಪ್ಲಾಸ್ಮಾದಲ್ಲಿ ಅದು ಡಾಟ್ ಕಾನ್ಫಿಗ್ ಒಳಗೆ ಹೆಸರಿನ ಕೊನೆಗೆ 'ಆಪ್ಲೆಟ್ಸ್‌ಆರ್‌ಸಿ' ಎಂದಿರುವ ಫೈಲ್. ಇಲ್ಲಿ ಒಂದು ಸೂಕ್ಷ್ಮ ಇದೆ. ಡೆಸ್ಕ್‌ಟಾಪ್ ಓಡುತ್ತಿರುವಾಗಲೇ ಫೈಲ್ ಮುಟ್ಟಿದರೆ, ಹೊರಗೆ ಹೋಗುವಾಗ ಅದು ತನ್ನ ನೆನಪಿನಲ್ಲಿರುವ ಹಳೆಯದನ್ನೇ ಮತ್ತೆ ಬರೆಯಬಹುದು. ಆದ್ದರಿಂದ ಲಾಗೌಟ್ ಆಗಿ, ಎಫ್3 ಪರದೆಯಿಂದ ಹೆಸರು ಬದಲಾಯಿಸಿ. ಎಕ್ಸ್‌ಎಫ್‌ಸಿಇಗೂ ಇದೇ ಕ್ರಮ.

ಪರದೆ ಮಿಣುಕುತ್ತದೆ, ಫ್ಯಾನ್ ನಿಲ್ಲುವುದೇ ಇಲ್ಲ

ಬ್ಲರ್, ನೆರಳು, ಓಡುವ ವಾಲ್‌ಪೇಪರ್ ಎಲ್ಲ ಆಫ್ ಮಾಡಿ ನೋಡಿ. ಸರಿಹೋದರೆ ಒಂದೊಂದಾಗಿ ವಾಪಸ್ ತನ್ನಿ. ಪೈಕಾಮ್ (ನೆರಳು, ಬ್ಲರ್ ಕೊಡುವ ಕಂಪೋಸಿಟರ್) ಬಳಸುವವರು ಬ್ಯಾಕೆಂಡನ್ನು ಜಿಎಲ್‌ಎಕ್ಸ್‌ನಿಂದ ಎಕ್ಸ್‌ರೆಂಡರ್‌ಗೆ ಅಥವಾ ತಿರುಗಾಮುರುಗಾ ಬದಲಾಯಿಸಿ ನೋಡಬಹುದು. ಎಕ್ಸ್‌ಎಫ್‌ಸಿಇಯ ಸ್ವಂತ ಕಂಪೋಸಿಟರ್ ಆನ್ ಇದ್ದಾಗ ಪೈಕಾಮ್ ಶುರುವಾಗುವುದಿಲ್ಲ. ಎರಡರಲ್ಲಿ ಒಂದೇ ಇರಲಿ.

ಆಮೇಲೆ ಜಿಎಲ್‌ಎಕ್ಸ್‌ಇನ್ಫೋ ಕಮಾಂಡ್ ಓಡಿಸಿ ರೆಂಡರರ್ ಸಾಲು ನೋಡಿ. ಅಲ್ಲಿ ನಿಮ್ಮ ಗ್ರಾಫಿಕ್ಸ್ ಚಿಪ್ ಹೆಸರಿನ ಬದಲು 'ಎಲ್‌ಎಲ್‌ವಿಎಂಪೈಪ್' ಎಂದಿದ್ದರೆ ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಸಿಪಿಯುವೇ ಮಾಡುತ್ತಿದೆ. ಫ್ಯಾನ್ ಸದ್ದಿಗೆ ಕಾರಣ ಅದೇ. ಥೀಮ್ ಬದಲಾಯಿಸಿ ಪ್ರಯೋಜನವಿಲ್ಲ, ಡ್ರೈವರ್ ಸರಿಯಾಗಬೇಕು.

ಕಾಂಕಿಯಿಂದ ಫ್ಯಾನ್ ಓಡುತ್ತಿದ್ದರೆ ಕಾನ್ಫಿಗ್‌ನಲ್ಲಿ 'ಎಕ್ಸೆಕ್' ಎಲ್ಲೆಲ್ಲಿದೆ ನೋಡಿ. ಅದು ಪ್ರತಿ ಸಲ ಪರದೆ ಹೊಸದಾದಾಗಲೂ ಕಮಾಂಡ್ ಓಡಿಸುತ್ತದೆ. ಹವಾಮಾನವನ್ನು ಸೆಕೆಂಡಿಗೊಮ್ಮೆ ಕೇಳುವ ಅಗತ್ಯ ಇಲ್ಲ ಅಲ್ವಾ? 'ಎಕ್ಸೆಕ್‌ಐ' ಬಳಸಿ 1800 ಎಂದು ಕೊಟ್ಟರೆ ಅರ್ಧ ಗಂಟೆಗೊಮ್ಮೆ ಕೇಳುತ್ತದೆ.

ಪಾಸ್‌ವರ್ಡ್ ಸರಿ, ಆದರೆ ಮತ್ತೆ ಲಾಗಿನ್ ಪರದೆಗೇ ಬರುತ್ತದೆ

ಮೊದಲು ಲಾಗಿನ್ ಪರದೆಯ ಗೇರ್ ಚಿಹ್ನೆಯಲ್ಲಿ ಬೇರೆ ಸೆಷನ್ ಆರಿಸಿ ನೋಡಿ. ಪಟ್ಟಿಯಲ್ಲಿ ಎರಡೂ ಇದ್ದರೆ ವೇಲ್ಯಾಂಡ್ ಬದಲು ಎಕ್ಸ್11, ಎಕ್ಸ್11 ಬದಲು ವೇಲ್ಯಾಂಡ್.

ಆಗಲಿಲ್ಲವೇ? ಎಫ್3 ಪರದೆಯಲ್ಲಿ ಡಿಎಫ್ ಕಮಾಂಡಿನಿಂದ ಡಿಸ್ಕ್ ತುಂಬಿದೆಯೇ ನೋಡಿ. ನೂರಕ್ಕೆ ನೂರು ತುಂಬಿದ್ದರೆ ಸೆಷನ್ ಶುರುವಾಗುವುದಿಲ್ಲ. ಡಾಟ್ ಕ್ಯಾಶ್ ಫೋಲ್ಡರ್ ಖಾಲಿ ಮಾಡಿದರೆ ತೊಂದರೆಯಿಲ್ಲ.

ಮುಂದಿನದು ಡಾಟ್ ಎಕ್ಸ್‌ಆಥಾರಿಟಿ ಫೈಲ್. ಅದರ ಒಡೆತನ ರೂಟ್ (ಸಿಸ್ಟಂನ ಅಡ್ಮಿನ್) ಹೆಸರಿಗೆ ಹೋಗಿದ್ದರೆ ಎಕ್ಸ್11 ಸೆಷನ್ ತೆರೆಯುವುದಿಲ್ಲ. ಥೀಮ್ ಬದಲಾಯಿಸುವ ಆಪ್‌ಗಳನ್ನು ಸೂಡೋ ಹಾಕಿ ತೆರೆದಾಗ ಹೀಗಾಗುತ್ತದೆ. ಆ ಫೈಲಿನ ಹೆಸರು ಬದಲಾಯಿಸಿ, ಲಾಗಿನ್ ಆದಾಗ ಹೊಸದು ತಾನೇ ಹುಟ್ಟುತ್ತದೆ. ಹೋಮ್ ಒಳಗೆ ರೂಟ್ ಹೆಸರಿನ ಬೇರೆ ಫೈಲ್‌ಗಳಿದ್ದರೆ ಚೋನ್ (chown) ಕಮಾಂಡಿನಿಂದ ವಾಪಸ್ ನಿಮ್ಮ ಹೆಸರಿಗೆ ಮಾಡಿ, ಆದರೆ ಹೋಮ್ ಫೋಲ್ಡರಿಗೆ ಮಾತ್ರ. ಮಾಡಿದ ಸೆಟ್ಟಿಂಗ್ ಮರುದಿನ ಉಳಿಯುವುದಿಲ್ಲ ಎಂಬ ದೂರಿಗೂ ಎಷ್ಟೋ ಸಲ ಇದೇ ಕಾರಣ.

ಕೊನೆಗೆ ಡಾಟ್ ಪ್ರೊಫೈಲ್ ಮತ್ತು ಡಾಟ್ ಎಕ್ಸ್‌ಪ್ರೊಫೈಲ್. ಟರ್ಮಿನಲ್‌ನಲ್ಲಿ ಕಮಾಂಡ್ ಓದುವ ಶೆಲ್‌ಗಳಾದ ಫಿಶ್ ಅಥವಾ ಜೆಡ್‌ಶೆಲ್ ತಾನಾಗೇ ಶುರುವಾಗಲಿ ಎಂದು ಅಲ್ಲಿ 'ಎಕ್ಸೆಕ್' ಸಾಲು ಸೇರಿಸಿದ್ದರೆ ಲಾಗಿನ್ ಅಲ್ಲೇ ಮುಗಿದುಹೋಗಬಹುದು. ಶೆಲ್ ಬದಲಾಯಿಸಲು ಸಿಎಚ್‌ಎಸ್‌ಎಚ್ ಕಮಾಂಡ್ ಇದೆ.

ಇಲ್ಲಿ ನಿಲ್ಲಿಸಿ, ಗೊತ್ತಿರುವವರನ್ನು ಕೇಳಿ

ಗ್ರಬ್ (ಕಂಪ್ಯೂಟರ್ ಶುರುವಾದಾಗ ಬರುವ ಮೆನು) ಥೀಮ್, ಬೂಟ್ ಚಿತ್ರ, ಲಾಗಿನ್ ಪರದೆಯ ಥೀಮ್ ಮೂರೂ ಹೋಮ್ ಫೋಲ್ಡರಿನ ಹೊರಗಿನವು. ಅಲ್ಲಿ ತಪ್ಪಾದರೆ ಎಲ್ಲ ಯೂಸರ್‌ಗಳಿಗೂ ಬಾಗಿಲು ಮುಚ್ಚುತ್ತದೆ. ಪೆನ್‌ಡ್ರೈವ್‌ನಲ್ಲಿ ಲೈವ್ ಲಿನಕ್ಸ್ ಇಲ್ಲದೆ ಇವುಗಳಿಗೆ ಕೈ ಹಾಕಬೇಡಿ. ಲಾಗಿನ್ ಪರದೆಗೆ ಎಸ್‌ಡಿಡಿಎಂ ಬಳಸುವವರು ಗ್ರೀಟರ್‌ನ ಟೆಸ್ಟ್ ಮೋಡ್‌ನಲ್ಲಿ ಥೀಮನ್ನು ಒಂದು ಕಿಟಕಿಯಲ್ಲೇ ತೆರೆದು ನೋಡಬಹುದು. ಟೈಮ್‌ಶಿಫ್ಟ್ ಎಂಬ ಆಪ್‌ನಿಂದ ತೆಗೆದಿಟ್ಟ ಸಿಸ್ಟಂ ಸ್ನ್ಯಾಪ್‌ಶಾಟ್ ಇದ್ದರೆ ಈ ಥರದ ತಪ್ಪಿಗೆ ಅದೇ ಒಳ್ಳೆಯ ಮದ್ದು. ಆದರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಟೈಮ್‌ಶಿಫ್ಟ್ ಹೋಮ್ ಫೋಲ್ಡರನ್ನು ಉಳಿಸುವುದಿಲ್ಲ ಎಂಬುದು ನೆನಪಿರಲಿ.

ಸಿಸ್ಟಂ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಓಡಿಸಿದಾಗ ಡಿಸ್ಕ್ ಹೆಸರಿನ ಜೊತೆ 'ಐಒ ಎರರ್' ಎಂಬ ಸಾಲುಗಳು ಕಂಡರೆ ಥೀಮ್ ವಿಚಾರ ಅಲ್ಲಿಗೇ ಬಿಡಿ. ಡಿಸ್ಕ್ ಸಾಯುತ್ತಿರಬಹುದು. ಫೋಟೋ, ಕಾಗದಪತ್ರ ಬೇರೆ ಕಡೆ ನಕಲು ಮಾಡಿ ಆಮೇಲೆ ಮುಂದಿನ ಮಾತು.

ಥೀಮ್ ಎಂದರೆ ಬರೀ ಬಣ್ಣ ಅಂದುಕೊಳ್ಳಬೇಡಿ. ಪ್ಲಾಸ್ಮಾದ ಗ್ಲೋಬಲ್ ಥೀಮ್‌ಗಳು ಕೋಡ್ ಓಡಿಸಬಲ್ಲವು. 2024ರ ಮಾರ್ಚ್‌ನಲ್ಲಿ ಅಂಥ ಒಂದು ಥೀಮ್ ಹಾಕಿದವರೊಬ್ಬರ ಫೈಲ್‌ಗಳೆಲ್ಲ ಅಳಿಸಿಹೋದವು. ಪ್ಲಾಸ್ಮಾ ತಯಾರಿಸುವ ಕೆಡಿಇ ತಂಡವೇ ಬಳಕೆದಾರರನ್ನು ಎಚ್ಚರಿಸಬೇಕಾಯಿತು. ಇನ್‌ಸ್ಟಾಲ್ ಸ್ಕ್ರಿಪ್ಟ್ ಸೂಡೋ ಕೇಳಿದರೆ, ಅದನ್ನು ತೆರೆದು ಓದದೆ ಪಾಸ್‌ವರ್ಡ್ ಕೊಡಬೇಡಿ.

ಸಹಾಯ ಕೇಳುವಾಗ ನಾಲ್ಕು ವಿಷಯ ಜೊತೆಗಿರಲಿ: ಯಾವ ಡಿಸ್ಟ್ರೋ, ಯಾವ ಡೆಸ್ಕ್‌ಟಾಪ್ ಮತ್ತು ಅದರ ಆವೃತ್ತಿ, ಎಕ್ಸ್11 ಅಥವಾ ವೇಲ್ಯಾಂಡ್, ಹೊಸ ಯೂಸರ್ ಖಾತೆಯಲ್ಲಿ ಏನಾಯಿತು. ಸುಮ್ನೆ 'ಕೆಲಸ ಮಾಡುತ್ತಿಲ್ಲ' ಎಂದರೆ ಯಾರಿಗೂ ಏನೂ ಹೇಳಲಾಗುವುದಿಲ್ಲ.

ಎಲ್ಲ ಸರಿಯಾಯಿತು, ಸ್ಕ್ರೀನ್‌ಶಾಟ್ ಮಾತ್ರ ಕಪ್ಪು

ಸ್ಕ್ರಾಟ್, ಮೈಮ್ ಎಂಬ ಸ್ಕ್ರೀನ್‌ಶಾಟ್ ಪ್ರೋಗ್ರಾಂಗಳು ಎಕ್ಸ್11 ಕಾಲದವು. ವೇಲ್ಯಾಂಡ್ ಪರದೆ ಅವುಗಳಿಗೆ ಕಾಣುವುದಿಲ್ಲ. ಗ್ನೋಮ್‌ನಲ್ಲಿ ಪ್ರಿಂಟ್‌ಸ್ಕ್ರೀನ್ ಕೀ, ಪ್ಲಾಸ್ಮಾದಲ್ಲಿ ಸ್ಪೆಕ್ಟಕಲ್, ಸ್ವೇ ಮತ್ತು ಹೈಪರ್‌ಲ್ಯಾಂಡ್‌ನಲ್ಲಿ ಗ್ರಿಮ್ ಜೊತೆ ಸ್ಲರ್ಪ್ ಬಳಸಿ. ಪರದೆ ಹಂಚಿಕೊಳ್ಳುವಾಗ ಕಪ್ಪಾದರೆ ಪೈಪ್‌ವೈರ್ ಮತ್ತು ನಿಮ್ಮ ಡೆಸ್ಕ್‌ಟಾಪಿಗೆ ಹೊಂದುವ ಎಕ್ಸ್‌ಡಿಜಿ ಪೋರ್ಟಲ್ ಪ್ಯಾಕೇಜ್ ಇದೆಯೇ ನೋಡಿ. ಪಕ್ಕದಲ್ಲಿ ಸಿಸ್ಟಂ ವಿವರ ತೋರಿಸಲು ನಿಯೋಫೆಚ್ ಹುಡುಕಬೇಡಿ, ಅದರ ಕೆಲಸ 2024ರ ಏಪ್ರಿಲ್‌ನಲ್ಲೇ ನಿಂತಿದೆ. ಫಾಸ್ಟ್‌ಫೆಚ್ ಹಾಕಿ.

ಚಿತ್ರ ಹೊರಗೆ ಕಳಿಸುವ ಮುಂಚೆ ಅದನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಫ್ಲ್ಯಾಟ್ ನಂಬರ್ ಸೇರಿಸಿ ಇಟ್ಟ ವೈಫೈ ಹೆಸರು ಬಾರ್‌ನಲ್ಲಿ ಕಾಣುತ್ತಿರುತ್ತದೆ. ತೆರೆದ ಬ್ರೌಸರ್ ಟ್ಯಾಬ್‌ನಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಕಾನ್ಫಿಗ್ ಫೈಲ್‌ಗಳನ್ನು ಹಂಚಿಕೊಳ್ಳುವುದಾದರೆ ಹವಾಮಾನ ವಿಜೆಟ್‌ನ ಎಪಿಐ ಕೀ (ಆ ಸೇವೆ ಬಳಸಲು ಕೊಟ್ಟ ನಿಮ್ಮ ಗುಟ್ಟಿನ ಕೋಡ್) ಅದರಲ್ಲೇ ಉಳಿದಿದೆಯೇ ನೋಡಿ. ಗಿಟ್‌ಗೆ ಒಮ್ಮೆ ಹಾಕಿದ ಕೀಯನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಹಾಗೇ ಉಳಿದಿರುತ್ತದೆ. ಹಾಗಾಗಿದ್ದರೆ ಆ ಕೀ ರದ್ದು ಮಾಡಿ ಹೊಸದು ಪಡೆಯಿರಿ. ಹೊಸದನ್ನು ಬೇರೆ ಫೈಲ್‌ನಲ್ಲಿಟ್ಟು, ಆ ಫೈಲಿನ ಹೆಸರನ್ನು ಗಿಟ್‌ಇಗ್ನೋರ್‌ಗೆ ಸೇರಿಸಿ.